ಗೆಸ್ಟ್ ಕಳಿಸುವ ಡಿಸ್ಕಾರ್ಡ್ ಅಲೈನ್ ಆಗಿಲ್ಲದಿದ್ದರೆ ವಿಎಂ ನಿಲ್ಲುತ್ತಿದೆ: ಸರಿಪಡಿಸಬೇಕಾದ್ದು ಯಾವ ಪದರದಲ್ಲಿ?

ಕೆವಿಎಂ_ಕಟ್ಟೆ ಕೇಳಿದ್ದು

ಡಿಸ್ಕಾರ್ಡ್ ಅಂದರೆ 'ಈ ಜಾಗ ಇನ್ನು ಬೇಡ' ಎಂದು ಡಿಸ್ಕಿಗೆ ಹೇಳುವ ರಿಕ್ವೆಸ್ಟ್; ಅದರ ಆರಂಭ, ಅಂತ್ಯ ಎರಡೂ ಬ್ಲಾಕ್ ಗಡಿಗೆ ಕೂತರೆ ಅಲೈನ್ ಆಗಿದೆ ಅನ್ನುತ್ತೇವೆ. ಹೋಸ್ಟ್ (ವಿಎಂ ಓಡುವ ನಿಜವಾದ ಯಂತ್ರ; ವಿಎಂ ಒಳಗಿನದು ಗೆಸ್ಟ್) ಲಿನಕ್ಸ್. ಎನ್‌ವಿಎಂಇ ಡಿಸ್ಕ್, ಲಾಜಿಕಲ್ ಬ್ಲಾಕ್ (ಡಿಸ್ಕ್ ಒಪ್ಪುವ ಕನಿಷ್ಠ ಅಳತೆ) 4096 ಬೈಟ್. ಅದರ ಮೇಲೆ ಸಾದಾ ಎಲ್‌ವಿಎಂ ವಾಲ್ಯೂಮ್ (ಡಿಸ್ಕಿನಿಂದ ವಿಂಗಡಿಸಿದ ಭಾಗ; ಬಳಸಿದಷ್ಟೇ ಜಾಗ ಹಂಚುವ ಥಿನ್ ಅಲ್ಲ). ಆ ವಾಲ್ಯೂಮನ್ನೇ ಕ್ಯೂಎಮುಗೆ (ವಿಎಂ ಓಡಿಸುವ ಪ್ರೋಗ್ರಾಂ) ರಾ ಬ್ಲಾಕ್ ಡಿವೈಸ್ ಆಗಿ ಕೊಟ್ಟಿದೆ. ಕ್ಯಾಶ್ 'ನನ್', ಡಿಸ್ಕಾರ್ಡ್ 'ಅನ್‌ಮ್ಯಾಪ್', ರೈಟ್ ಎರರ್ ಬಂದರೆ 'ಸ್ಟಾಪ್'. ಗೆಸ್ಟ್‌ಗೆ ಕಾಣುವುದು ವರ್ಟಿಯೋ ಡಿಸ್ಕ್, ಲಾಜಿಕಲ್ ಬ್ಲಾಕ್ 512.

ಗೆಸ್ಟ್ ಒಳಗೆ ಎರಡು ಪಾರ್ಟಿಷನ್. ಎರಡೂ 1 ಎಂಬಿ ಗಡಿಯಲ್ಲೇ ಶುರುವಾಗುತ್ತವೆ. ಬೂಟ್ ಪಾರ್ಟಿಷನ್ 400 ಎಂಬಿ, ಇಎಕ್ಸ್‌ಟಿ4, ಬ್ಲಾಕ್ ಸೈಜ್ 1 ಕೆಬಿ. ರೂಟ್ ಪಾರ್ಟಿಷನ್ ಕೂಡ ಇಎಕ್ಸ್‌ಟಿ4, ಅದರ ಬ್ಲಾಕ್ 4 ಕೆಬಿ. ರೂಟ್ ಮೇಲೆ ಎಫ್‌ಎಸ್‌ಟ್ರಿಮ್ (ಖಾಲಿ ಜಾಗಕ್ಕೆಲ್ಲ ಡಿಸ್ಕಾರ್ಡ್ ಕಳಿಸುವ ಕಮಾಂಡ್) ಓಡಿಸಿದರೆ ತೊಂದರೆ ಇಲ್ಲ. ಬೂಟ್ ಮೇಲೆ ಓಡಿಸಿದ ತಕ್ಷಣ ವಿಎಂ ನಿಂತುಬಿಡುತ್ತದೆ. ಮುಂದುವರಿಸಲು ಹೇಳಿದರೆ ಕ್ಯೂಎಮು ಅದೇ ರಿಕ್ವೆಸ್ಟನ್ನು ಮತ್ತೆ ಕಳಿಸಿ ಮತ್ತೆ ನಿಲ್ಲುತ್ತದೆ. ಎರರ್ ಸಂಖ್ಯೆ -22, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್. ಇದೇ ಗೆಸ್ಟನ್ನು ಫೈಲ್ ಇಮೇಜ್ ಮೇಲೆ ಇಟ್ಟರೆ ಎರಡು ಪಾರ್ಟಿಷನ್ನೂ ಸರಿಯಾಗಿ ಟ್ರಿಮ್ ಆಗುತ್ತವೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ. ಯುಬ್ಲಾಕ್ (ಬ್ಲಾಕ್ ಡ್ರೈವರನ್ನು ಕರ್ನಲ್ ಹೊರಗೆ, ಸಾಮಾನ್ಯ ಪ್ರೋಗ್ರಾಂ ಆಗಿ ಬರೆಯಲು ಲಿನಕ್ಸ್ ಕೊಡುವ ವ್ಯವಸ್ಥೆ) ಮೇಲೆ ಒಂದು ಬ್ಲಾಕ್ ಡ್ರೈವರ್ ಬರೆಯುತ್ತಿದ್ದೇನೆ. ಹಿಂದಿನ ಸ್ಟೋರೇಜ್ ಜಾಗ ಹಂಚುವುದು 64 ಕೆಬಿ ತುಂಡುಗಳಲ್ಲಿ. ಆ ಗಡಿಗೆ ಕೂರದ ಡಿಸ್ಕಾರ್ಡ್ ಬಂದರೆ ನಾನು ಏನು ಮಾಡಬೇಕು: ಎರರ್ ಕೊಡಲೇ, ಗಡಿಗೆ ಎಳೆದುಕೊಳ್ಳಲೇ, ಸುಮ್ಮನೆ ಬಿಟ್ಟುಬಿಡಲೇ?

ಪದರ_ಶೋಧಕ ಉತ್ತರಿಸಿದ್ದು

ಮೊದಲು ವಿಎಂ ನಿಲ್ಲುವ ಕಾರಣ. ಡಿಸ್ಕಾರ್ಡ್ ವಿಷಯದಲ್ಲಿ ಎರಡು ಬೇರೆ ಬೇರೆ ಅಳತೆಗಳಿವೆ, ಅವನ್ನು ಬೆರೆಸಿಬಿಡುವುದೇ ಅರ್ಧ ಗೊಂದಲಕ್ಕೆ ಮೂಲ. ಒಂದು ಲಾಜಿಕಲ್ ಬ್ಲಾಕ್ ಸೈಜ್, ಇದು ಕಟ್ಟುನಿಟ್ಟು. ಆರಂಭವಾಗಲಿ ಉದ್ದವಾಗಲಿ ಇದರ ಗುಣಕವಲ್ಲದಿದ್ದರೆ ಲಿನಕ್ಸ್ ಬ್ಲಾಕ್ ಲೇಯರ್ -22 ಕೊಟ್ಟು ವಾಪಸ್ ಕಳಿಸುತ್ತದೆ, ರಿಕ್ವೆಸ್ಟ್ ಡಿಸ್ಕಿನವರೆಗೆ ಹೋಗುವುದೇ ಇಲ್ಲ. ಇನ್ನೊಂದು ಡಿಸ್ಕಾರ್ಡ್ ಗ್ರ್ಯಾನ್ಯುಲಾರಿಟಿ. ಇದು ಬರೀ ಸೂಚನೆ. 'ಇದಕ್ಕಿಂತ ಚಿಕ್ಕ ತುಂಡನ್ನು ನಾನು ಬಿಡಿಸಲಾರೆ' ಎಂದು ಡಿಸ್ಕ್ ಹೇಳುವ ಮಾತು. ಇದಕ್ಕೆ ಕೂರದ ರಿಕ್ವೆಸ್ಟನ್ನು ಕರ್ನಲ್ ತಿರಸ್ಕರಿಸುವುದಿಲ್ಲ, ಡಿಸ್ಕ್ ತನಗೆ ಆಗದ ಭಾಗವನ್ನು ಬಿಟ್ಟುಬಿಡಬಹುದು.

ನಿಮ್ಮ ಗೆಸ್ಟ್ ತನ್ನ ಡಿಸ್ಕನ್ನು 512 ಎಂದು ನಂಬಿದೆ. 1 ಕೆಬಿ ಬ್ಲಾಕಿನ ಇಎಕ್ಸ್‌ಟಿ4ನಲ್ಲಿ ಖಾಲಿ ಜಾಗ ಯಾವ 1 ಕೆಬಿ ಗಡಿಯಲ್ಲಾದರೂ ಶುರುವಾಗಬಹುದು. ಕ್ಯೂಎಮು ಇಂಥ ರಿಕ್ವೆಸ್ಟನ್ನು ತಲೆ, ನಡು, ಬಾಲ ಎಂದು ಮೂರು ಮಾಡುತ್ತದೆ. ನಡು ಅಲೈನ್ ಆದ ಭಾಗ, ತಲೆ ಬಾಲ ಎರಡು ತುದಿಯ ಚೂರು. ಮೂರನ್ನೂ ಕೆಳಕ್ಕೆ ಕಳಿಸುತ್ತದೆ. ಚೂರುಗಳನ್ನು ಅಲ್ಲೇ ಎಸೆಯದಿರುವುದು ಬೇಕೆಂದೇ ಮಾಡಿದ್ದು, ಕೆಳಗಿನ ಕೆಲವು ಸ್ಟೋರೇಜ್‌ಗಳು ಚೂರುಗಳನ್ನು ನೆನಪಿಟ್ಟು ಕೂಡಿಸಿಕೊಳ್ಳುತ್ತವೆ. ಆದರೆ ನಿಮ್ಮ ಹೋಸ್ಟ್ ಕರ್ನಲ್ ತಲೆಗೆ -22 ಅನ್ನುತ್ತದೆ. 'ಸಪೋರ್ಟ್ ಇಲ್ಲ' ಎಂಬ ಎರರ್ ಬಂದಿದ್ದರೆ ಕ್ಯೂಎಮು ನುಂಗಿಕೊಂಡು ಮುಂದೆ ಹೋಗುತ್ತಿತ್ತು. -22 ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಅದು ನಿಜವಾದ ರೈಟ್ ಎರರ್ ಆಗಿ ಮೇಲಕ್ಕೆ ಬಂತು, ನಿಮ್ಮ 'ಸ್ಟಾಪ್' ಪಾಲಿಸಿ ವಿಎಂ ನಿಲ್ಲಿಸಿತು. ಡೀಫಾಲ್ಟ್ ಪಾಲಿಸಿ ಜಾಗ ಮುಗಿದಾಗ ಮಾತ್ರ ನಿಲ್ಲಿಸುವಂಥದ್ದು, ಆದ್ದರಿಂದ ಬಹಳ ಜನರಿಗೆ ಇದು ಗೆಸ್ಟ್ ಲಾಗಿನಲ್ಲಿ ಒಂದು ಐ/ಒ ಎರರ್ ಆಗಿ ಮಾತ್ರ ಕಂಡಿರುತ್ತದೆ.

ಫೈಲ್ ಇಮೇಜ್ ಮೇಲೆ ಏಕೆ ಆಗುವುದಿಲ್ಲ? ಅಲ್ಲಿ ಡಿಸ್ಕಾರ್ಡ್ ಫಾಲೊಕೇಟ್‌ನ ಪಂಚ್ ಹೋಲ್ (ಫೈಲಿನ ನಡುವಿನ ಜಾಗ ಬಿಡಿಸುವ ಸಿಸ್ಟಮ್ ಕಾಲ್) ಆಗುತ್ತದೆ. ಅದು ಯಾವ ಬೈಟ್ ಗಡಿಯನ್ನೂ ಒಪ್ಪುತ್ತದೆ: ಪೂರ್ತಿ ಬ್ಲಾಕುಗಳನ್ನು ಬಿಡಿಸಿ, ತುದಿಯ ಅರೆಬರೆ ಬ್ಲಾಕುಗಳಿಗೆ ಸೊನ್ನೆ ಬರೆಯುತ್ತದೆ.

2025ರಲ್ಲಿ ಕ್ಯೂಎಮುಗೆ ಎರಡು ತಿದ್ದುಪಡಿ ಬಂದವು. ಒಂದು, ಲಿನಕ್ಸ್ ಬ್ಲಾಕ್ ಡಿವೈಸಿನ ಡಿಸ್ಕಾರ್ಡ್ ಅಲೈನ್‌ಮೆಂಟನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು. ಇನ್ನೊಂದು, ಅಲೈನ್ ಆಗದ ತಲೆಗೋ ಬಾಲಕ್ಕೋ -22 ಬಂದರೆ ಅದನ್ನು ದಾಟಿ ನಡುವನ್ನು ಮುಗಿಸುವುದು. ಅವು ಇರುವ ಆವೃತ್ತಿಗೆ ಹೋಗುವುದು ಸರಿಯಾದ ದಾರಿ.

ಅಲ್ಲಿಯವರೆಗೆ ಬೂಟ್ ಪಾರ್ಟಿಷನ್ನಿನ ಎಫ್‌ಎಸ್‌ಟ್ಯಾಬ್ ಸಾಲಿಗೆ 'ಎಕ್ಸ್-ಎಫ್‌ಎಸ್‌ಟ್ರಿಮ್.ನೋಟ್ರಿಮ್' ಸೇರಿಸಿ, ವಾರದ ಟ್ರಿಮ್ ಟೈಮರ್ ಅದನ್ನು ಮುಟ್ಟುವುದಿಲ್ಲ. ಎಫ್‌ಎಸ್‌ಟ್ರಿಮ್‌ಗೆ ಕನಿಷ್ಠ ಉದ್ದ 4096 ಎಂದು ಕೊಟ್ಟರೆ ಸಾಲದು. ಅದು ಚಿಕ್ಕ ತುಂಡುಗಳನ್ನು ಬಿಡುತ್ತದೆಯೇ ಹೊರತು ದೊಡ್ಡ ತುಂಡು ಎಲ್ಲಿ ಶುರುವಾಗುತ್ತದೆ ಎಂದು ನೋಡುವುದಿಲ್ಲ.

ಗೆಸ್ಟ್‌ನ ವರ್ಚುವಲ್ ಡಿಸ್ಕಿನ ಲಾಜಿಕಲ್ ಬ್ಲಾಕನ್ನೇ 4096 ಮಾಡಿಬಿಡೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಮಾಡಬೇಡಿ. ಜಿಪಿಟಿ (ಪಾರ್ಟಿಷನ್ ಟೇಬಲ್) ಹೆಡರ್ ಇರುವುದು ಸೊನ್ನೆಯಿಂದ ಎಣಿಸಿದ ಬ್ಲಾಕ್ 1ರಲ್ಲಿ, ಅಂದರೆ ಎಲ್‌ಬಿಎ 1ರಲ್ಲಿ. 512ರ ಲೆಕ್ಕದಲ್ಲಿ ಅದು 512ನೇ ಬೈಟ್, 4096ರ ಲೆಕ್ಕದಲ್ಲಿ 4096ನೇ ಬೈಟ್. ಇರುವ ಪಾರ್ಟಿಷನ್ ಟೇಬಲ್ ಗೆಸ್ಟ್‌ಗೆ ಕಾಣುವುದೇ ಇಲ್ಲ. ಕಂಡರೂ 1 ಕೆಬಿ ಬ್ಲಾಕಿನ ಇಎಕ್ಸ್‌ಟಿ4 ಅಂಥ ಡಿಸ್ಕಿನ ಮೇಲೆ ಮೌಂಟ್ ಆಗದು.

ಶಾಶ್ವತವಾಗಿ ಸರಿಮಾಡಬೇಕಿದ್ದರೆ ಬೂಟ್‌ನ ಫೈಲುಗಳನ್ನು ಬೇರೆಡೆ ತೆಗೆದಿಟ್ಟು, 4096 ಬ್ಲಾಕ್ ಸೈಜಿನಲ್ಲಿ, ಹಳೆಯ ಯುಯುಐಡಿಯನ್ನೇ ಕೊಟ್ಟು ಮತ್ತೆ ಎಂಕೆಎಫ್‌ಎಸ್ ಮಾಡಿ. ಫೈಲುಗಳನ್ನು ಹಿಂದಿರುಗಿಸಿ ಗ್ರಬ್ ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ. ಪಾರ್ಟಿಷನ್ 1 ಎಂಬಿ ಗಡಿಯಲ್ಲಿರುವುದರಿಂದ ಆಮೇಲೆ ಬರುವ ಪ್ರತಿ ಡಿಸ್ಕಾರ್ಡೂ 4 ಕೆಬಿಗೆ ಕೂರುತ್ತದೆ.

ತುದಿ_ಬಾಲ ಉತ್ತರಿಸಿದ್ದು

ಯುಬ್ಲಾಕ್ ಡ್ರೈವರ್ ಬಗ್ಗೆ. ನಿಯಮ ಒಂದೇ, ಇದರಲ್ಲಿ ರಾಜಿ ಬೇಡ: ಒಳಕ್ಕೆ ಎಳೆಯಿರಿ, ಹೊರಕ್ಕೆ ಎಂದೂ ಎಳೆಯಬೇಡಿ. ಆರಂಭವನ್ನು ಮುಂದಿನ ಗಡಿಗೆ ಏರಿಸಿ, ಅಂತ್ಯವನ್ನು ಹಿಂದಿನ ಗಡಿಗೆ ಇಳಿಸಿ. ತಿರುಗಾಮುರುಗಾ ಆದರೆ ಪಕ್ಕದ ಫೈಲಿನ ಜೀವಂತ ಡೇಟಾ ಹೋಗುತ್ತದೆ. ಅದು ಆ ಕ್ಷಣಕ್ಕೆ ಗೊತ್ತಾಗುವುದೂ ಇಲ್ಲ, ಪೇಜ್ ಕ್ಯಾಶ್ ಖಾಲಿಯಾಗಿ ಆ ಫೈಲನ್ನು ಮತ್ತೆ ಓದುವಾಗಲೇ ಗೊತ್ತಾಗುವುದು.

ನಿಮ್ಮ 64 ಕೆಬಿ ಅಂದರೆ 512ರ 128 ಸೆಕ್ಟರ್. ಸೆಕ್ಟರ್ 100ರಿಂದ 1000 ಸೆಕ್ಟರಿನ ಡಿಸ್ಕಾರ್ಡ್ ಬಂತೆನ್ನಿ. ಅದು 1100ಕ್ಕೆ ಮುಗಿಯುತ್ತದೆ. ಆರಂಭ 128ಕ್ಕೆ ಏರುತ್ತದೆ, ಅಂತ್ಯ 1024ಕ್ಕೆ ಇಳಿಯುತ್ತದೆ. ತಲೆ 28, ನಡು 896 (ಸರಿಯಾಗಿ 7 ತುಂಡು), ಬಾಲ 76. ನಡುವನ್ನು ಬಿಡಿಸಿ, ರಿಕ್ವೆಸ್ಟ್ ಪೂರ್ತಿ ಯಶಸ್ವಿ ಎಂದು ಉತ್ತರಿಸಿ.

```
ಮೊದಲ = (ಆರಂಭ + ತುಂಡು - 1) / ತುಂಡು
ಕೊನೆ  = (ಆರಂಭ + ಉದ್ದ) / ತುಂಡು
ಮೊದಲ >= ಕೊನೆ ಆದರೆ: ಯಶಸ್ವಿ, ವಾಪಸ್
ಮೊದಲ ... ಕೊನೆ-1 ತುಂಡುಗಳನ್ನು ಬಿಡಿಸು
```

ಮೂರನೇ ಸಾಲಿನಲ್ಲಿ ಬರೀ 'ಸಮ' ಎಂದು ಹೋಲಿಸಿದರೆ ಅನಾಹುತ. ಸೆಕ್ಟರ್ 10ರಿಂದ 20 ಸೆಕ್ಟರ್ ಬಂದರೆ ಮೊದಲ 1, ಕೊನೆ 0. ಅನ್‌ಸೈನ್ಡ್ ಸಂಖ್ಯೆಯಲ್ಲಿ ಕೊನೆಯಿಂದ ಮೊದಲವನ್ನು ಕಳೆದರೆ ಎಣಿಕೆ ದೈತ್ಯವಾಗುತ್ತದೆ, ಡಿಸ್ಕಿನ ಉಳಿದದ್ದೆಲ್ಲ ಖಾಲಿ. ಕೋಡ್ ರಿವ್ಯೂನಲ್ಲಿ ನಾನು ಮೊದಲು ಹುಡುಕುವುದು ಈ ಸಾಲನ್ನೇ.

ಕರ್ನಲ್‌ನಲ್ಲೇ ಇದಕ್ಕೆ ಒಳ್ಳೆಯ ಮಾದರಿ ಇದೆ: ಡಿಎಂ-ಥಿನ್ (ಥಿನ್ ವಾಲ್ಯೂಮುಗಳನ್ನು ನಡೆಸುವ ಡ್ರೈವರ್). ಅದರ ಪೂಲ್ ಬ್ಲಾಕ್ 64 ಕೆಬಿಯಿಂದ 1 ಜಿಬಿವರೆಗೆ ಇರಬಹುದು. ಒಂದು ಬ್ಲಾಕಿಗಿಂತ ಕಡಿಮೆ ಮುಚ್ಚುವ ಡಿಸ್ಕಾರ್ಡ್ ಬಂದರೆ ಅದು ಏನನ್ನೂ ಮಾಡದೆ ಯಶಸ್ವಿ ಎಂದು ಮುಗಿಸುತ್ತದೆ.

ಪೂಲ್ ಬ್ಲಾಕ್ 64 ಕೆಬಿಯ ಗುಣಕವಾದರೆ ಸಾಕು, ಎರಡರ ಘಾತವೇ ಆಗಬೇಕಿಲ್ಲ. 192 ಕೆಬಿ ಕೂಡ ನಡೆಯುತ್ತದೆ. ಹಾಗಾಗಿ ಮಾಸ್ಕ್ ಹಾಕಿ ಗಡಿ ಕಂಡುಹಿಡಿಯುವ ಅಡ್ಡದಾರಿ ಬೇಡ, ಭಾಗಾಕಾರವನ್ನೇ ಮಾಡಿ. ಎಂಡಿ ರೇಡ್5 (ಲಿನಕ್ಸ್ ಸಾಫ್ಟ್‌ವೇರ್ ರೇಡ್) ಇನ್ನೂ ಸ್ಪಷ್ಟ ಉದಾಹರಣೆ. ನಾಲ್ಕು ಡಿಸ್ಕ್, ಚಂಕ್ 512 ಕೆಬಿ ಇದ್ದರೆ ಡೇಟಾ ಸ್ಟ್ರೈಪ್ 1536 ಕೆಬಿ. ಅದು ಪೂರ್ತಿ ಸ್ಟ್ರೈಪುಗಳನ್ನು ಮಾತ್ರ ಡಿಸ್ಕಾರ್ಡ್ ಮಾಡುತ್ತದೆ, ಅರ್ಧ ಸ್ಟ್ರೈಪ್ ಬಿಡಿಸಿದರೆ ಪ್ಯಾರಿಟಿ ಲೆಕ್ಕ ತಪ್ಪುತ್ತದಲ್ಲ.

ಇದೆಲ್ಲ ಡಿಸ್ಕಾರ್ಡ್‌ಗೆ ಮಾತ್ರ. ರೈಟ್-ಜೀರೋಸ್ ಬಂದರೆ ತಲೆ ಬಾಲಕ್ಕೆ ನಿಜವಾಗಿಯೂ ಸೊನ್ನೆ ಬರೆಯಲೇಬೇಕು, ಅದು ಕೊಟ್ಟ ಮಾತು. ಸೆಕ್ಯೂರ್ ಇರೇಸ್ ಬಂದು ಒಂದು ಚೂರನ್ನು ಅಳಿಸಲಾಗದಿದ್ದರೆ ಎರರ್ ಕೊಡಿ; ಅಳಿಸಿದೆ ಎಂದು ಸುಳ್ಳು ಹೇಳುವಂತಿಲ್ಲ. ಮೂರನ್ನೂ ಒಂದೇ ಫಂಕ್ಷನ್ನಿಗೆ ತುರುಕಿ ಒಂದು ಫ್ಲ್ಯಾಗ್ ಇಟ್ಟ ಕೋಡ್‌ಗಳಲ್ಲಿ ಈ ವ್ಯತ್ಯಾಸವೇ ಮೊದಲು ಅಳಿಸಿಹೋಗುವುದು.

ಕೆವಿಎಂ_ಕಟ್ಟೆ ಕೇಳಿದ್ದು

ಇಬ್ಬರಿಗೂ ಧನ್ಯವಾದ. ಒಂದು ಅನುಮಾನ ಉಳಿದಿದೆ. ಎಲ್ಲವನ್ನೂ ಯಶಸ್ವಿ ಎಂದು ಉತ್ತರಿಸುತ್ತಾ ಹೋದರೆ, ಮೇಲಿನವರ ಲೆಕ್ಕ ತಪ್ಪಿದ್ದು ನನಗೆ ಗೊತ್ತಾಗುವುದು ಹೇಗೆ? ಇನ್ನೊಂದು, ಚೂರುಗಳನ್ನು ಬಿಡುತ್ತಾ ಹೋದರೆ ಜಾಗ ಸೋರುವುದಿಲ್ಲವೇ? 64 ಕೆಬಿ ತುಂಡಿನ ಮೊದಲ 40 ಕೆಬಿ ಇಂದು, ಉಳಿದ 24 ಕೆಬಿ ನಾಳೆ ಡಿಸ್ಕಾರ್ಡ್ ಆದರೆ ಎರಡೂ ಸಲ ನಾನು ಏನೂ ಮಾಡಿರುವುದಿಲ್ಲ, ತುಂಡು ಹಾಗೇ ಉಳಿಯುತ್ತದೆ.

ಪದರ_ಶೋಧಕ ಉತ್ತರಿಸಿದ್ದು

ಮೊದಲನೆಯದಕ್ಕೆ: ನೀವು ಪ್ರಕಟಿಸಿದ ಲಾಜಿಕಲ್ ಬ್ಲಾಕ್ ಸೈಜನ್ನು ಮುರಿದರೆ ಅಥವಾ ಡಿಸ್ಕಿನ ಅಂತ್ಯ ದಾಟಿದರೆ ಧಾರಾಳವಾಗಿ ಎರರ್ ಕೊಡಿ. ಅದು ಕರಾರು. ಗ್ರ್ಯಾನ್ಯುಲಾರಿಟಿ ಸಲಹೆ, ಸಲಹೆ ಪಾಲಿಸಲಿಲ್ಲವೆಂದು ಯಾರನ್ನೂ ಶಿಕ್ಷಿಸಬೇಡಿ. ಗೊತ್ತಾಗಬೇಕಿದ್ದರೆ ಎರಡು ಕೌಂಟರ್ ಇಡಿ, ಒಟ್ಟು ಬಂದ ಡಿಸ್ಕಾರ್ಡ್ ಬೈಟುಗಳಿಗೆ ಒಂದು, ನಿಜವಾಗಿ ಬಿಡಿಸಿದ ಬೈಟುಗಳಿಗೆ ಒಂದು. ಎರಡರ ಅಂತರ ಬೆಳೆಯುತ್ತಿದ್ದರೆ ಮೇಲಿನ ಯಾವುದೋ ಪದರದಲ್ಲಿ ಅಲೈನ್‌ಮೆಂಟ್ ಕೆಟ್ಟಿದೆ. ಲಾಗಿನಲ್ಲಿ ಪ್ರತಿ ರಿಕ್ವೆಸ್ಟಿಗೂ ಎಚ್ಚರಿಕೆ ಬರೆಯಬೇಡಿ. ಒಂದು ಎಫ್‌ಎಸ್‌ಟ್ರಿಮ್ ಸಾವಿರಾರು ರಿಕ್ವೆಸ್ಟ್ ಕಳಿಸುತ್ತದೆ.

ಎಫ್‌ಎಸ್‌ಟ್ರಿಮ್ 'ಇಷ್ಟು ಜಿಬಿ ಟ್ರಿಮ್ ಆಯಿತು' ಎಂದು ಹೇಳುವುದು ಕಳಿಸಿದ ಬೈಟುಗಳ ಲೆಕ್ಕ, ಕೆಳಗೆ ಬಿಡಿಸಿದ ಬೈಟುಗಳದ್ದಲ್ಲ. ಆ ಸಂಖ್ಯೆ ನೋಡಿ ಸಮಾಧಾನಪಡಬೇಡಿ, ಹೋಸ್ಟ್ ಕಡೆಯ ಬಳಕೆ ಇಳಿದಿದೆಯೇ ಎಂದು ನೋಡಿ.

ತುದಿ_ಬಾಲ ಉತ್ತರಿಸಿದ್ದು

ಸೋರಿಕೆಯ ಪ್ರಶ್ನೆ ನ್ಯಾಯವಾದದ್ದೇ. ಸುಲಭ ಉತ್ತರ: ಆನ್‌ಲೈನ್ ಡಿಸ್ಕಾರ್ಡ್ ಮೌಂಟ್ ಆಪ್ಷನ್ (ಫೈಲ್ ಅಳಿಸಿದಾಗಲೇ ಡಿಸ್ಕಾರ್ಡ್ ಕಳಿಸುವುದು) ಬಿಟ್ಟು ಕಾಲಕಾಲಕ್ಕೆ ಎಫ್‌ಎಸ್‌ಟ್ರಿಮ್ ಓಡಿಸಿ. ಅದು ಖಾಲಿ ಜಾಗವನ್ನು ಆ ಹೊತ್ತಿಗೆ ಇರುವಂತೆ ಒಟ್ಟಾಗಿ ಕಳಿಸುತ್ತದೆ, ಇಂದಿನ 40 ಮತ್ತು ನಾಳೆಯ 24 ಒಂದೇ ತುಂಡಾಗಿ ಬರುತ್ತವೆ. ಬಹಳ ಡ್ರೈವರುಗಳಿಗೆ ಇಷ್ಟು ಸಾಕು.

ಚೂರುಗಳನ್ನು ಕೂಡಿಸಲೇಬೇಕೆಂದರೆ ಪ್ರತಿ ತುಂಡಿಗೆ ಒಂದು ಬಿಟ್‌ಮ್ಯಾಪ್ ಇಡಿ. 64 ಕೆಬಿಯಲ್ಲಿ 4 ಕೆಬಿಗೆ ಒಂದು ಬಿಟ್ ಅಂದರೆ 16 ಬಿಟ್, 2 ಬೈಟ್. 1 ಟಿಬಿ ಡಿಸ್ಕಿಗೆ 1,67,77,216 ತುಂಡು, ಒಟ್ಟು 32 ಎಂಬಿ ಮೆಮೊರಿ. 16 ಬಿಟ್ಟುಗಳೂ ತುಂಬಿದಾಗ ತುಂಡನ್ನು ಬಿಡಿಸಿ. ಇಲ್ಲಿ ಕೊಲ್ಲುವ ಅಪಾಯ ಕ್ರಮದ್ದು. ಯಾವುದೇ ರೈಟ್ ಬಂದರೆ ಅದರ ಬಿಟ್ ಅಳಿಸಿದ ನಂತರವೇ ರೈಟ್ ಮುಗಿಯಿತೆಂದು ಹೇಳಬೇಕು. ಬಿಟ್ ನೋಡುವುದು, ತುಂಡು ಬಿಡಿಸುವುದು, ರೈಟ್ ಒಳಬರುವುದು ಈ ಮೂರೂ ಆ ತುಂಡಿನ ಒಂದೇ ಲಾಕ್ ಅಡಿಯಲ್ಲಿ ಆಗಬೇಕು. ಇಲ್ಲದಿದ್ದರೆ ಈಗಷ್ಟೇ ಬರೆದ ಡೇಟಾ ಸಮೇತ ತುಂಡು ಹೋಗುತ್ತದೆ.

ಈ ಬಿಟ್‌ಮ್ಯಾಪನ್ನು ಡಿಸ್ಕಿಗೆ ಬರೆಯುವ ಆಸೆ ಬೇಡ. ಕರೆಂಟ್ ಹೋಗಿ ಕಳೆದರೆ ಒಂದಷ್ಟು ಜಾಗ ಮುಂದಿನ ಟ್ರಿಮ್‌ವರೆಗೆ ಸೋರುತ್ತದೆ, ಅಷ್ಟೇ. ಬರೆದಿಟ್ಟದ್ದು ಹಳಸಿ, ರೈಟ್ ಆದಮೇಲೂ ಬಿಟ್ ತುಂಬಿದಂತೆ ಉಳಿದರೆ ಡೇಟಾ ನಷ್ಟ.

ಸೆಕ್ಟರ್_63 ಉತ್ತರಿಸಿದ್ದು

ಗ್ರ್ಯಾನ್ಯುಲಾರಿಟಿ ಬಗ್ಗೆ ಎಲ್ಲರೂ ಹೇಳಿದಿರಿ, ಆಫ್‌ಸೆಟ್ ಬಗ್ಗೆ ಯಾರೂ ಹೇಳಲಿಲ್ಲ. ಸ್ಕಸಿಯಲ್ಲಿ ಬ್ಲಾಕ್ ಲಿಮಿಟ್ಸ್ ಎಂಬ ವಿಪಿಡಿ ಪುಟ ಬಿ0ಯಲ್ಲಿ (ಡಿಸ್ಕ್ ತನ್ನ ಮಿತಿಗಳನ್ನು ಹೇಳುವ ಪುಟ; ಸ್ಕಸಿಯಲ್ಲಿ ಡಿಸ್ಕಾರ್ಡ್‌ಗೆ ಅನ್‌ಮ್ಯಾಪ್ ಎಂದು ಹೆಸರು) ಆಪ್ಟಿಮಲ್ ಅನ್‌ಮ್ಯಾಪ್ ಗ್ರ್ಯಾನ್ಯುಲಾರಿಟಿಯ ಜೊತೆ ಅನ್‌ಮ್ಯಾಪ್ ಗ್ರ್ಯಾನ್ಯುಲಾರಿಟಿ ಅಲೈನ್‌ಮೆಂಟ್ ಎಂಬ ಇನ್ನೊಂದು ಸಂಖ್ಯೆ ಇದೆ. ತುಂಡುಗಳು ಸೊನ್ನೆಯಿಂದಲೇ ಶುರುವಾಗಬೇಕಿಲ್ಲ. ಪಾರ್ಟಿಷನ್ ಒಳಗಿನಿಂದ ನೋಡಿದರೂ ಹಾಗೆಯೇ. ಹಳೆಯ ಡಾಸ್ ಪದ್ಧತಿಯಲ್ಲಿ ಸೆಕ್ಟರ್ 63ಕ್ಕೆ ಶುರುವಾದ ಪಾರ್ಟಿಷನ್ ಇದ್ದು ತುಂಡು 128 ಸೆಕ್ಟರ್ ಆದರೆ, ಪಾರ್ಟಿಷನ್ನಿನ ಲೆಕ್ಕದಲ್ಲಿ ಮೊದಲ ಗಡಿ 128-63, ಅಂದರೆ ಸೆಕ್ಟರ್ 65. ಎಲ್‌ಎಸ್‌ಬಿಎಲ್‌ಕೆಗೆ ದೊಡ್ಡಕ್ಷರದ ಡಿ ಕೊಟ್ಟು ಓಡಿಸಿದರೆ ಆ ಪಾರ್ಟಿಷನ್ನಿನ ಅಲೈನ್‌ಮೆಂಟ್ ಕಾಲಮ್ಮಿನಲ್ಲಿ 33280 ಕಾಣುತ್ತದೆ (65 × 512). 2048ಕ್ಕೆ ಶುರುವಾದ ಪಾರ್ಟಿಷನ್ನಿನಲ್ಲಿ 0. ಸೊನ್ನೆಯಲ್ಲದ ಸಂಖ್ಯೆ ಕಂಡರೆ ಅಲ್ಲಿಂದಲೇ ಹುಡುಕಲು ಶುರುಮಾಡಿ.

ಇದನ್ನೆಲ್ಲ ಪರೀಕ್ಷಿಸಲು ನಿಜವಾದ ಡಿಸ್ಕ್ ಬೇಡ. ಕರ್ನಲ್‌ನ ಸ್ಕಸಿ-ಡೀಬಗ್ ಮಾಡ್ಯೂಲನ್ನು (ಮೆಮೊರಿಯಲ್ಲಿ ನಕಲಿ ಸ್ಕಸಿ ಡಿಸ್ಕ್ ಮಾಡುತ್ತದೆ) ಹೀಗೆ ಹಾಕಿ: ಗಾತ್ರ 64 ಎಂಬಿ, ಎಲ್‌ಬಿಪಿಯು 1 (ಅನ್‌ಮ್ಯಾಪ್ ಒಪ್ಪುತ್ತೇನೆ ಎಂಬ ಗುರುತು), ಅನ್‌ಮ್ಯಾಪ್ ಗ್ರ್ಯಾನ್ಯುಲಾರಿಟಿ 128, ಅಲೈನ್‌ಮೆಂಟ್ 0. ಡಿಡಿಯಿಂದ ಡಿಸ್ಕನ್ನು ಪೂರ್ತಿ ಬರೆಯಿರಿ. ಸಿಸ್‌ಎಫ್‌ಎಸ್‌ನಲ್ಲಿ ಆ ಡ್ರೈವರಿನ ಫೋಲ್ಡರಿನಲ್ಲಿ 'ಮ್ಯಾಪ್' ಎಂಬ ಫೈಲ್ ಇದೆ. ಅದು ಯಾವ ತುಂಡುಗಳು ಬಳಕೆಯಲ್ಲಿವೆ ಎಂದು ತೋರಿಸುತ್ತದೆ. ಈಗ ಅದರಲ್ಲಿ 0-1023 ಇರಬೇಕು. ನಂತರ ಬ್ಲಾಕ್‌ಡಿಸ್ಕಾರ್ಡ್ ಕಮಾಂಡಿಗೆ ಆಫ್‌ಸೆಟ್ 51200, ಉದ್ದ 512000 ಕೊಡಿ. ಮೇಲೆ ಹೇಳಿದ 100ರಿಂದ 1000 ಸೆಕ್ಟರ್ ಇದೇ. ಮ್ಯಾಪ್ ಈಗ 0,8-1023 ಆಗುತ್ತದೆ. 1ರಿಂದ 7ರವರೆಗಿನ ಏಳು ತುಂಡು ಹೋದವು, ತಲೆ ಬಾಲ ಇದ್ದ ತುಂಡುಗಳು ಉಳಿದವು.

ಮಾಡ್ಯೂಲ್ ತೆಗೆದು ಅಲೈನ್‌ಮೆಂಟ್ 65 ಕೊಟ್ಟು ಮತ್ತೆ ಮಾಡಿ. ಗಡಿಗಳು ಈಗ 65, 193, 321 ಹೀಗೆ. ಅದೇ ರಿಕ್ವೆಸ್ಟಿನಲ್ಲಿ ನಡು 193ರಿಂದ 1089, ತಲೆ 93, ಬಾಲ 11. ಮ್ಯಾಪ್ 0-1,9-1024 ಎಂದು ಬರುತ್ತದೆ. ಮೊದಲ ತುಂಡು ಬರೀ 65 ಸೆಕ್ಟರಿನದಾದ್ದರಿಂದ ಒಟ್ಟು ಎಣಿಕೆ ಒಂದು ಹೆಚ್ಚು. ನಿಮ್ಮ ಡ್ರೈವರಿನ ಲೆಕ್ಕ ಈ ಎರಡೂ ಸಂದರ್ಭದಲ್ಲಿ ಇದಕ್ಕೆ ಹೊಂದಬೇಕು. ಆಫ್‌ಸೆಟ್ ಸೇರಿಸುವಾಗ ಆರಂಭದಿಂದ ಆಫ್‌ಸೆಟ್ ಕಳೆಯಬೇಡಿ, ಆರಂಭವೇ ಚಿಕ್ಕದಿದ್ದರೆ ಸಂಖ್ಯೆ ಸುತ್ತಿಬರುತ್ತದೆ. ಆಫ್‌ಸೆಟ್ ಸೊನ್ನೆಯಲ್ಲದಿದ್ದಾಗ ಮಾತ್ರ ತುಂಡಿನಿಂದ ಆಫ್‌ಸೆಟ್ ಕಳೆದು ಅದನ್ನು ಆರಂಭಕ್ಕೆ ಕೂಡಿಸಿ, ಆಮೇಲೆ ಭಾಗಿಸಿ.

ಇನ್ನೊಂದು, ದೊಡ್ಡ ರಿಕ್ವೆಸ್ಟ್ ಒಡೆಯುವಾಗ. ಗೆಸ್ಟ್ ಸರಿಯಾಗಿ ಅಲೈನ್ ಮಾಡಿ ಕಳಿಸಿದ್ದನ್ನು ನಾವೇ ಕೆಡಿಸುವ ಜಾಗ ಇದು. ಲಿನಕ್ಸ್‌ನಲ್ಲಿ ಒಂದು ಬಯೋದ (ಬ್ಲಾಕ್ ಲೇಯರಿನ ಒಂದು ರಿಕ್ವೆಸ್ಟ್) ಉದ್ದ 32 ಬಿಟ್ ಬೈಟ್ ಸಂಖ್ಯೆ. ಅದರ ಗರಿಷ್ಠವನ್ನು 512ರಿಂದ ಭಾಗಿಸಿದರೆ 83,88,607 ಸೆಕ್ಟರ್, ಬೆಸ ಸಂಖ್ಯೆ. ಅಲ್ಲಿ ಕತ್ತರಿಸಿದರೆ ಎರಡನೇ ತುಂಡು ಗಡಿಯಿಂದ ಒಂದು ಸೆಕ್ಟರ್ ಜಾರಿರುತ್ತದೆ, ಮುಂದಿನ ಪ್ರತಿ ತುಂಡೂ ಇನ್ನೊಂದು ಸೆಕ್ಟರ್ ಹೆಚ್ಚು ಜಾರುತ್ತದೆ. ಅದಕ್ಕೇ ಕರ್ನಲ್ ಗರಿಷ್ಠವನ್ನು ಗ್ರ್ಯಾನ್ಯುಲಾರಿಟಿಗೆ ಇಳಿಸಿ, ಮುಂದಿನ ತುಂಡು ಗಡಿಯಲ್ಲೇ ಶುರುವಾಗುವಂತೆ ಒಡೆಯುತ್ತದೆ. ಸಾಟಾ ಟ್ರಿಮ್‌ನಲ್ಲೂ ಇದೇ ಹಳ್ಳ: ಒಂದು ಎಂಟ್ರಿಯಲ್ಲಿ ಹಿಡಿಸುವುದು 65,535 ಸೆಕ್ಟರ್, 512 ಬೈಟಿನ ಪೇಲೋಡಿನಲ್ಲಿ 64 ಎಂಟ್ರಿ. ನೀವೇ ಎಂಟ್ರಿ ತುಂಬುವ ಕೋಡ್ ಬರೆದರೆ 65,528ಕ್ಕೆ ನಿಲ್ಲಿಸಿ, ಪ್ರತಿ ಎಂಟ್ರಿಯೂ 4 ಕೆಬಿ ಗಡಿಯಲ್ಲಿ ಉಳಿಯುತ್ತದೆ. ಯುಬ್ಲಾಕ್‌ನಲ್ಲಿ ನೀವು ಪ್ರಕಟಿಸುವ ಗರಿಷ್ಠ ಡಿಸ್ಕಾರ್ಡ್ ಸೆಕ್ಟರ್ ಕೂಡ 128ರ ಗುಣಕವೇ ಇರಲಿ.

ಕೆವಿಎಂ_ಕಟ್ಟೆ ಬರೆದದ್ದು

ಎರಡೂ ಮ್ಯಾಪ್ ಪರೀಕ್ಷೆಗಳನ್ನು ಡ್ರೈವರಿನ ಟೆಸ್ಟ್‌ಗಳಿಗೆ ಸೇರಿಸುತ್ತಿದ್ದೇನೆ, ಜೊತೆಗೆ ಒಂದೇ ತುಂಡಿನೊಳಗೆ ಮುಗಿಯುವ ಸೆಕ್ಟರ್ 10ರ ಪ್ರಕರಣವನ್ನೂ. ಬೂಟ್ ಪಾರ್ಟಿಷನ್ನನ್ನು 4 ಕೆಬಿ ಬ್ಲಾಕಿಗೆ ಮತ್ತೆ ಫಾರ್ಮ್ಯಾಟ್ ಮಾಡುತ್ತೇನೆ. ಚೂರು ಕೂಡಿಸುವ ಬಿಟ್‌ಮ್ಯಾಪ್ ಸದ್ಯಕ್ಕೆ ಬೇಡ, ಕೌಂಟರ್‌ಗಳ ಅಂತರ ನೋಡಿ ನಿರ್ಧರಿಸುತ್ತೇನೆ.